ಗದ್ದೆ ಬಿಟ್ಟರೆ ಎಲ್ಲಿ? ಕಾಸರಗೋಡಿನಲ್ಲಿ ಮನೆಗೆ ಹಳೆಯ ಜಾಗ ಆರಿಸುವ ಬಗೆ

ಗ್ರಾಮಸಭೆಯಲ್ಲಿ ವಸತಿಯ ಮಾತೆದ್ದರೆ ನಮ್ಮ ಕಡೆ ಎರಡೇ ಜಾಗ ಎಲ್ಲರ ಬಾಯಲ್ಲಿ ಬರುತ್ತವೆ. ಒಂದು, ಬೇಸಾಯ ನಿಂತು ಹಡಿಲು ಬಿದ್ದ ಗದ್ದೆ. ಇನ್ನೊಂದು, ಊರಾಚೆಯ ಪದವು, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯ ಮೇಲಿನ ಬಯಲು. ಎರಡರಲ್ಲೂ ಇದುವರೆಗೆ ಯಾರೂ ಮನೆ ಕಟ್ಟಿಲ್ಲ, ಹಾಗಾಗಿ ಅವು ಖಾಲಿ ಅನ್ನಿಸುತ್ತವೆ. ಅದೇ ಪಂಚಾಯತಿನೊಳಗೆ ಮುಚ್ಚಿದ ಮರದ ಮಿಲ್ಲು, ಹೆಂಚು ಜಾರಿದ ಬೀಡಿ ಶೆಡ್ಡು, ಹೆದ್ದಾರಿ ಅಗಲವಾಗುವಾಗ ಅರ್ಧ ಕತ್ತರಿಸಿಹೋದ ಅಂಗಡಿ ಸಾಲು, ಕಲ್ಲು ಮುಗಿದ ಕೋರೆ, ಗೋಡೆ ಬಿರಿದ ಹಳೆಯ ಕಾಲೊನಿ ಇದ್ದರೂ ಅವುಗಳ ಹೆಸರೆತ್ತುವವರು ಕಡಿಮೆ. ನಗರ ಯೋಜನೆಯವರು ಬ್ರೌನ್‌ಫೀಲ್ಡ್ ಎನ್ನುವುದು ಹೆಚ್ಚುಕಡಿಮೆ ಇಂಥ ಜಾಗಗಳನ್ನೇ. ವಾರ್ಡು ಸದಸ್ಯರಿಗೆ, ವಸತಿಯ ಕಾರ್ಯತಂಡದಲ್ಲಿ ಕುಳಿತವರಿಗೆ, ಪಟ್ಟಿಯಲ್ಲಿ ಹೆಸರು ಬಂದು ಜಾಗಕ್ಕಾಗಿ ಕಾಯುತ್ತಿರುವ ಮನೆಯವರಿಗೆ ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಅನುಕೂಲವಾಗಲೆಂದು ಇದನ್ನು ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಳಸಿ ಬಿಟ್ಟ ನೆಲ ಅಂದ ಮಾತ್ರಕ್ಕೆ ಅದು ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅಲ್ಲಿ ಮೊದಲು ಯಾವ ಕಸುಬು ನಡೆಯುತ್ತಿತ್ತು, ಅಲ್ಲಿ ಬಿದ್ದ ಮಳೆನೀರು ಯಾರ ಬಾವಿಗೆ ಇಳಿಯುತ್ತದೆ, ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಬೆಲೆಯ ಮಾತು. ನಮ್ಮಲ್ಲಿ ಆಗುವುದು ಇದರ ತಲೆಕೆಳಗು. ಮೊದಲು ಬೆಲೆ, ಆಮೇಲೆ ಜಾಗ, ಮನೆ ಎದ್ದ ಮೇಲೆ ನೀರಿನ ವಿಚಾರ.

ಯಾವುದು ಬಳಸಿದ ನೆಲ, ಯಾವುದು ಅಲ್ಲ

ಈ ವಿಚಾರದಲ್ಲಿ ಹೆಚ್ಚು ಕಾನೂನು ಮಾಡಿಟ್ಟವರು ಇಂಗ್ಲೆಂಡಿನವರು. ಅಲ್ಲಿ 2017ರಿಂದ ಪ್ರತಿ ಸ್ಥಳೀಯ ಯೋಜನಾ ಪ್ರಾಧಿಕಾರವೂ ಮನೆಗೆ ಒದಗಬಲ್ಲ ಬಳಸಿದ ನೆಲಗಳ ದಾಖಲೆ ಇಡಲೇಬೇಕು. ಕನಿಷ್ಠ 0.25 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 62 ಸೆಂಟ್ಸ್ ಇರಬೇಕು, ಇಲ್ಲವೇ 5 ಮನೆಗಳಾದರೂ ಹಿಡಿಸಬೇಕು. ಆ ದಾಖಲೆಗಿಂತಲೂ ನನಗೆ ಹಿಡಿಸಿದ್ದು ಅವರು ಹೊರಗಿಟ್ಟ ಜಾಗಗಳ ಪಟ್ಟಿ. ಕೃಷಿ ಕಟ್ಟಡವಿದ್ದ ಜಾಗವನ್ನು ಅವರು ಇದರಲ್ಲಿ ಸೇರಿಸಿಲ್ಲ. ಗಣಿ ತೋಡಿದ ಜಾಗಕ್ಕೂ ಕಸ ಹೂತ ಜಾಗಕ್ಕೂ ಮೊದಲ ಸ್ಥಿತಿಗೆ ತರುವ ಷರತ್ತು ಹಾಕಿದ್ದರೆ ಅವೂ ಸೇರುವುದಿಲ್ಲ. ತೋಡಿದವನು ಮುಚ್ಚಿಕೊಡಬೇಕು, ಆಮೇಲೆ ಅದು ಮತ್ತೆ ಬಯಲು ಎಂಬುದು ಅಲ್ಲಿಯ ಲೆಕ್ಕ. ನಮ್ಮ ಕಲ್ಲುಕೋರೆಗಳ ಮಾತಿಗೆ ಬಂದಾಗ ಇದು ಬೇಕಾಗುತ್ತದೆ.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ದಾಖಲೆಯಲ್ಲಿ ಸರಕಾರಿ ಪಾಳುಭೂಮಿ ಎಂದಿರುವ ಪದವನ್ನೂ ಕೆಲವರು ಈ ಗುಂಪಿಗೆ ಎಳೆಯುತ್ತಾರೆ. ಕಲ್ಲು ಕಡಿಯದ, ಕಟ್ಟಡ ಕಾಣದ ಪದವು ಬಳಸಿದ ನೆಲ ಅಲ್ಲವೇ ಅಲ್ಲ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುವ ಪಳ್ಳಗಳು ತುಂಬುತ್ತವೆ, ಮುರಕಲ್ಲಿನ ಬಿರುಕುಗಳಲ್ಲಿ ನೀರು ಇಂಗಿ ಕೆಳಗಿನ ತೋಟಗಳಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಗಳಿಗೆ ಇಳಿಯುತ್ತದೆ. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟೋ ಕಡೆ ಅದು ಪಕ್ಕದ ವರ್ಗದವರ (ಪಟ್ಟಾ ಜಮೀನಿನವರ) ಕುಮ್ಕಿಯೂ ಹೌದು, ಅಂದರೆ ಅವರು ಸೊಪ್ಪು, ಹುಲ್ಲಿಗೆ ಬಳಸಬಹುದಾದ ಸರಕಾರಿ ನೆಲ. ದಕ್ಷಿಣ ಕನ್ನಡ ಜಿಲ್ಲೆಯೊಂದಿಗೆ ಇದ್ದ ಕಾಲದಿಂದ ಬಂದ ಹಕ್ಕು. ಆದ್ದರಿಂದ ಪದವನ್ನು ಈ ಹೋಲಿಕೆಯಲ್ಲಿ ಗದ್ದೆಯ ಸಾಲಿನಲ್ಲೇ ಇಡುತ್ತೇನೆ, ಮಿಲ್ಲಿನ ಸಾಲಿನಲ್ಲಿ ಅಲ್ಲ.

ಗದ್ದೆ: ಅಗ್ಗ ಅನ್ನಿಸುವುದು ಎಲ್ಲಿಯವರೆಗೆ

1970ರ ದಶಕದ ಆರಂಭದಲ್ಲಿ ಕೇರಳದಲ್ಲಿ 8.7 ಲಕ್ಷ ಹೆಕ್ಟೇರಿನಷ್ಟು ಭತ್ತದ ಬೇಸಾಯವಿತ್ತು; ಈಗ ಉಳಿದದ್ದು 2 ಲಕ್ಷದ ಆಸುಪಾಸು. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆ ಬಂದದ್ದು ಈ ಕಾರಣಕ್ಕೆ. ಈ ಕಾಯ್ದೆಯಂತೆ ಮಾಡಿದ ಗದ್ದೆಗಳ ಪಟ್ಟಿಯಾದ ಡಾಟಾ ಬ್ಯಾಂಕಿನಲ್ಲಿ ಹೆಸರಿರುವ ಗದ್ದೆಯಲ್ಲಿ ಮನೆ ಕಟ್ಟಲು ದಾರಿ ಬಹಳ ಕಿರಿದು. ಬೇರೆ ಜಾಗವಿಲ್ಲದ ಮಾಲೀಕ ಸ್ವಂತ ವಾಸಕ್ಕೆ ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ತನಕ ಕೇಳಬಹುದು, ಅಷ್ಟೇ. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ ಕಂದಾಯ ದಾಖಲೆಯಲ್ಲಿ ಮಾತ್ರ ಗದ್ದೆ ಎಂದಿದ್ದರೆ 2018ರ ತಿದ್ದುಪಡಿಯ 27ಎ ವಿಧಿಯಂತೆ ಸ್ವರೂಪ ಬದಲಾವಣೆಗೆ ಅರ್ಜಿ ಕೊಡಬಹುದು. ಅದು 50 ಸೆಂಟ್ಸ್ ಮೀರಿದರೆ 10ರಲ್ಲಿ 1 ಪಾಲು ಜಾಗವನ್ನು ನೀರು ಉಳಿಸುವುದಕ್ಕೆ ಬಿಡಬೇಕು.

ಕಾನೂನಿನ ಮಾತು ಅತ್ತ ಇರಲಿ. ತಗ್ಗಿನ ಬೈಲು, ನಡುಮಟ್ಟದ ಮಜಲು, ಎತ್ತರದ ಬೆಟ್ಟು ಎಂಬ ಮೂರು ಬಗೆಯ ಗದ್ದೆಯಲ್ಲಿ ಬೈಲು ಗದ್ದೆಗೆ ಮಣ್ಣು ತುಂಬಿಸಲು ಎಲ್ಲೋ ಒಂದು ಗುಡ್ಡೆ ಕಡಿಯಲೇಬೇಕು. ಜಾಗದ ಬೆಲೆಗೆ ಆ ಮಣ್ಣಿನ ಬೆಲೆ, ಲಾರಿ ಬಾಡಿಗೆ, ತುಂಬಿಸಿದ ಮಣ್ಣು ಕೂರಲು ಕಾಯುವ ಒಂದೆರಡು ಮಳೆಗಾಲ, ಇಷ್ಟೂ ಸೇರಬೇಕು. ಬೆಟ್ಟು ಗದ್ದೆ ಹಡಿಲು ಬಿದ್ದು ಗಟ್ಟಿ ನೆಲವಾಗಿದ್ದರೆ ಮಾತು ಬೇರೆ. ಅಂಥ ಜಾಗ ಬಹಳಷ್ಟು ಸಲ ಡಾಟಾ ಬ್ಯಾಂಕಿನಲ್ಲಿ ತಪ್ಪಾಗಿ ಸೇರಿರುವುದೂ ಉಂಟು. ಅದನ್ನು ಬಿಡಿಸಿಕೊಳ್ಳಲು ಫಾರ್ಮ್ 5 ಕೊಟ್ಟು ಕೃಷಿ ಭವನದ ವರದಿಗೆ ಕಾಯಬೇಕು.

ಪೇಟೆಯೊಳಗಿನ ತುಂಡು ಜಾಗ

ಇದು ನನ್ನ ಮೊದಲ ಆಯ್ಕೆ. ಕಾಸರಗೋಡು ನಗರಸಭೆಯ ವಿಸ್ತಾರ ಸುಮಾರು 16.7 ಚದರ ಕಿಲೋಮೀಟರ್ ಮಾತ್ರ. ಅಷ್ಟರಲ್ಲೇ ಬಾಗಿಲು ಮುಚ್ಚಿದ ಗೋದಾಮು, ಮೇಲಿನ ಅಂತಸ್ತು ಪೂರ್ತಿ ಖಾಲಿಯಿರುವ ಅಂಗಡಿ ಕಟ್ಟಡ, ಪಾಲಾಗದೆ ಬಿದ್ದ ಹಳೆ ಮನೆ ಎಷ್ಟು ಬೇಕಾದರೂ ಇವೆ. ಕಾಞಂಗಾಡ್, ನೀಲೇಶ್ವರ ನಗರಸಭೆಗಳಲ್ಲೂ, ಕುಂಬಳೆ, ಉಪ್ಪಳ, ಬದಿಯಡ್ಕ ಪೇಟೆಗಳಲ್ಲೂ ಇದೇ ಚಿತ್ರ. ರಸ್ತೆ, ವಿದ್ಯುತ್ತು, ನಳ್ಳಿ ನೀರು, ಬಸ್ಸು, ಆಸ್ಪತ್ರೆ ಎಲ್ಲ ಕಾಲಡಿಯಲ್ಲೇ ಇರುವುದರಿಂದ ಮನೆ ಕಟ್ಟಿದ ಮೇಲೆ ಪಂಚಾಯತಿಗೆ ಬೇರೆ ಖರ್ಚು ಬರುವುದಿಲ್ಲ. ಹಳೆ ಕಟ್ಟಡಕ್ಕೆ ಅಂಗಡಿ, ಗೋದಾಮು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದಿದ್ದರೆ ಮಣ್ಣಿನಲ್ಲಿ ವಿಷದ ಭಯವೂ ಇಲ್ಲ.

ತೊಡಕು ಇರುವುದು ಆಧಾರದಲ್ಲಿ, ಅಂದರೆ ಜಾಗದ ಹಕ್ಕುಪತ್ರದಲ್ಲಿ. ಗಲ್ಫಿನಲ್ಲಿ ಇಬ್ಬರು, ಮುಂಬೈಯಲ್ಲಿ ಒಬ್ಬ, ಊರಲ್ಲಿ ಒಬ್ಬ ಅಂತ ವಾರಸುದಾರರು ಚದುರಿದ್ದರೆ ಒಂದು ಸಹಿಗೆ ವರ್ಷ ಉರುಳುತ್ತದೆ. 2024ರ ಅಕ್ಟೋಬರಿನಲ್ಲಿ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರು ಗ್ರಾಮದಿಂದಲೇ ಶುರುವಾದ ‘ಎಂಡೆ ಭೂಮಿ’ ಪೋರ್ಟಲಿನಲ್ಲಿ ನೋಂದಣಿ, ಕಂದಾಯ, ಸರ್ವೆ ಮೂರೂ ಇಲಾಖೆಗಳ ದಾಖಲೆ ಒಂದೇ ಕಡೆ ಸಿಗುತ್ತವೆ. ಡಿಜಿಟಲ್ ರೀಸರ್ವೆ ಮುಗಿದ ಗ್ರಾಮದಲ್ಲಿ ಗಡಿ ತಕರಾರು ಎಷ್ಟಿದೆ ಎಂದು ಮೊದಲೇ ತಿಳಿಯಲು ಅದು ಸಹಾಯ. ಒಡಹುಟ್ಟಿದವರ ಮನಸ್ತಾಪಕ್ಕೆ ಯಾವ ಪೋರ್ಟಲಿನಲ್ಲೂ ಮದ್ದಿಲ್ಲ.

ಹೆದ್ದಾರಿ 66ರ ಬದಿಯ ತುಂಡುಗಳನ್ನು ಬೇರೆಯಾಗಿಯೇ ನೋಡಬೇಕು. ಆರು ಪಥದ ಕೆಲಸದಲ್ಲಿ ತಲಪಾಡಿಯಿಂದ ಕೆಳಕ್ಕೆ ಉದ್ದಕ್ಕೂ ಕಟ್ಟಡಗಳು ಅರ್ಧಕ್ಕೆ ಕಡಿದುಹೋಗಿ, ಹಿಂದೆ 3 ಸೆಂಟ್ಸ್, 4 ಸೆಂಟ್ಸಿನ ಚೂರುಗಳು ಉಳಿದಿವೆ. ನೋಡಲು ಒಳ್ಳೆಯ ಜಾಗ. ಸರ್ವೀಸ್ ರಸ್ತೆಯಿಂದ ಒಳಗೆ ಬರಲು ದಾರಿ ಇದೆಯೇ, ಎತ್ತರಿಸಿದ ರಸ್ತೆಯ ಚರಂಡಿ ನೀರು ಇತ್ತ ತಿರುಗಿದೆಯೇ ಎಂದು ಜೂನ್, ಜುಲೈಯಲ್ಲಿ ಹೋಗಿ ನಿಂತು ನೋಡಬೇಕು. ಬೇಸಿಗೆಯಲ್ಲಿ ಕಂಡದ್ದನ್ನು ನಂಬಿ ಮುಂಗಡ ಕೊಡುವ ಹಾಗಿಲ್ಲ. ಗುಡ್ಡೆ ಕಡಿದ ಕಡೆ ಅಂತೂ ಬೇಡವೇ ಬೇಡ. ಚೆರುವತ್ತೂರಿನ ವೀರಮಲೆ ಗುಡ್ಡೆ 2025ರ ಜುಲೈಯಲ್ಲಿ ಹೆದ್ದಾರಿಗೇ ಕುಸಿದದ್ದನ್ನು ನೋಡಿದ್ದೇವೆ.

ಲಕ್ಷಂವೀಡು ಕಾಲೊನಿ: ಮರೆತುಹೋದ ಆಯ್ಕೆ

1972ರಲ್ಲಿ ಬಡವರಿಗೆ ಮನೆ ಕಟ್ಟಿಕೊಡಲು ಶುರುವಾದ ಲಕ್ಷಂವೀಡು (ಲಕ್ಷ ಮನೆ) ಯೋಜನೆಯ ಮನೆಗಳು ಜಿಲ್ಲೆಯ ಉದ್ದಗಲಕ್ಕೂ ಇವೆ. ಹಲವು ಕಡೆ ಒಂದು ಗೋಡೆಗೆ ಎರಡು ಮನೆ. ಆಗ ಒಂದು ಮನೆಗೆ ಒಂದು ಸಂಸಾರ ಇತ್ತು, ಈಗ ಮೂರು. ಹೊಸ ಜಾಗ ಹುಡುಕುವ ಮೊದಲು ಈ ಕಾಲೊನಿಯನ್ನೇ ಎರಡು ಮಹಡಿಯಾಗಿ ಮತ್ತೆ ಕಟ್ಟಬಹುದಲ್ಲ ಎಂದು ಯಾಕೋ ಯಾರೂ ಕೇಳುವುದಿಲ್ಲ. ಜನ ಅಲ್ಲೇ ಇದ್ದಾರೆ, ಮಕ್ಕಳ ಶಾಲೆ ಹತ್ತಿರ, ಕೆಲಸಕ್ಕೆ ಹೋಗುವ ದಾರಿ ಗೊತ್ತು, ನೆಲದಲ್ಲಿ ಏನೂ ಹೂತಿಲ್ಲ.

ಇಲ್ಲಿಯ ಗಂಟು ಪಾಯಿಖಾನೆ ಗುಂಡಿಯದು. ಕೇರಳದ ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ನಡುವೆ 7.5 ಮೀಟರ್ ಬೇಕು. 3 ಸೆಂಟ್ಸ್ ಅಂದರೆ ಸುಮಾರು 121 ಚದರ ಮೀಟರ್. 125 ಚದರ ಮೀಟರ್ ತನಕದ ಸಣ್ಣ ನಿವೇಶನಕ್ಕೆ ಸುತ್ತ ಬಿಡುವ ಜಾಗದಲ್ಲಿ ರಿಯಾಯಿತಿ ಇದೆ, ಸರಿ. ಆದರೆ ರಿಯಾಯಿತಿ ಸಿಕ್ಕಿತೆಂದು ಗುಂಡಿಯಿಂದ ಬಾವಿಗೆ ಇಳಿಯುವ ನೀರು ನಿಲ್ಲುವುದಿಲ್ಲ. ಮನೆಗೊಂದು ಗುಂಡಿ, ಮನೆಗೊಂದು ಬಾವಿ ಎಂಬ ಹಟ ಬಿಟ್ಟು ಕಾಲೊನಿಗೆಲ್ಲ ಸೇರಿ ಒಂದು ಶುದ್ಧೀಕರಣ ಘಟಕ, ಒಂದು ಕಾಪಾಡಿದ ಬಾವಿ ಅಂತ ಯೋಜಿಸಿದರೆ ಮಾತ್ರ ಇದು ಆಗುವ ಕೆಲಸ. ಜೊತೆಗೆ, ಕೆಡವಿ ಕಟ್ಟುವ ಒಂದು ವರ್ಷ ಆ ಸಂಸಾರಗಳು ಎಲ್ಲಿರಬೇಕು? ಬಾಡಿಗೆಗೆ ಹಣ ಇಡದ ಯೋಜನೆಗೆ ಕಾಲೊನಿಯವರು ಒಪ್ಪದಿದ್ದರೆ ತಪ್ಪು ಅವರದ್ದಲ್ಲ.

ಮಿಲ್ಲು, ಕಾರ್ಖಾನೆ, ಪೆಟ್ರೋಲ್ ಬಂಕು

ಒಂದು ಶೆಡ್ಡಿಗೂ ಇನ್ನೊಂದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣದು. ಒಳಗೆ ಏನು ನಡೆಯುತ್ತಿತ್ತು ಎಂಬುದು ನಿಜವಾದ ಪ್ರಶ್ನೆ. ಅಲ್ಲಿ ದುಡಿದ ಹಿರಿಯರನ್ನು ಕೇಳಿದರೆ ಎಷ್ಟೋ ಸಲ ಕಾಗದಕ್ಕಿಂತ ಚೆನ್ನಾಗಿ ತಿಳಿಯುತ್ತದೆ: ಎಣ್ಣೆ ಎಲ್ಲಿ ಚೆಲ್ಲುತ್ತಿದ್ದರು, ಬೂದಿ ಎಲ್ಲಿ ಸುರಿಯುತ್ತಿದ್ದರು, ಯಾವ ಮೂಲೆಯಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ.

ಬೀಡಿ ಕಟ್ಟುತ್ತಿದ್ದ ಶೆಡ್ಡಿನ ನೆಲಕ್ಕೆ ಏನೂ ಆಗಿರುವುದಿಲ್ಲ. 1969ರಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರಿಯ ಕಾಲದಲ್ಲಿ ಉತ್ತರ ಮಲಬಾರಿನ ತುಂಬ ಇಂಥ ಶೆಡ್ಡುಗಳು ಎದ್ದವು, ಕಸುಬು ಕುಗ್ಗಿದ ಮೇಲೆ ಹಲವು ಬಾಗಿಲು ಹಾಕಿದವು. ಪೇಟೆಗೆ ಹತ್ತಿರ, ಗಾಳಿ ಬೆಳಕು ಚೆನ್ನಾಗಿರುವ ಜಾಗ. ಮನೆಗೆ ಧಾರಾಳವಾಗಿ ಆರಿಸಬಹುದು. ಮೀನಿನ ಐಸ್ ಪ್ಲಾಂಟ್ ಇದ್ದಲ್ಲಿಯೂ ಅಮೋನಿಯಾ ಗಾಳಿಯಲ್ಲಿ ಹೋಗಿರುತ್ತದೆ, ಮಣ್ಣಿನಲ್ಲಿ ಹೆಚ್ಚು ಉಳಿಯುವುದಿಲ್ಲ. ಅಲ್ಲಿ ಚಿಂತಿಸಬೇಕಾದ್ದು ಕರಾವಳಿ ನಿಯಂತ್ರಣ ವಲಯದ ಗೆರೆ. ಹೆಂಚಿನ ಕಾರ್ಖಾನೆಯಲ್ಲಿ ಒಲೆಯ ಬೂದಿ, ಒಡೆದ ಹೆಂಚಿನ ರಾಶಿ ಇರುತ್ತದೆ. ಅದಕ್ಕಿಂತ ಮುಖ್ಯ, ಜೇಡಿಮಣ್ಣು ತೋಡಿ ಬಿಟ್ಟ ಹೊಂಡಗಳನ್ನು ಏನು ಹಾಕಿ ಮುಚ್ಚಿದರು ಎಂಬುದು. ಒಡಕು ಹೆಂಚಿನ ರಾಶಿಯ ಮೇಲೆ ಅಡಿಪಾಯ ಹಾಕಿದರೆ ಗೋಡೆ ಬಿರಿಯುತ್ತದೆ.

ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ಸೋರಿದ ಕಡೆ ಮಣ್ಣು ಕಪ್ಪಾಗಿರುತ್ತದೆ; ಆ ಎಣ್ಣೆ ಚರ್ಮ ಸುಡುವಂಥದ್ದು. ಆ ಮಣ್ಣನ್ನು ಒಂದಷ್ಟು ಆಳಕ್ಕೆ ತೆಗೆದು ಬೇರೆ ಕಡೆ ವಿಲೇವಾರಿ ಮಾಡಿದರೆ ಉಳಿದ ಜಾಗ ಬಳಕೆಗೆ ಬರುತ್ತದೆ. ಮರದ ಮಿಲ್ಲು ನೋಡಲು ಸಾಧು. ಬರಿ ಕೊಯ್ಯುವ ಕೆಲಸವಾಗಿದ್ದರೆ ತೊಂದರೆಯಿಲ್ಲ, ಮರಕ್ಕೆ ಹುಳ ಹಿಡಿಯದಂತೆ ಔಷಧಿ ತೊಟ್ಟಿಯಲ್ಲಿ ಅದ್ದುತ್ತಿದ್ದರೆ ಆ ತೊಟ್ಟಿಯ ಸುತ್ತಮುತ್ತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದು. ಗ್ಯಾರೇಜು, ಬ್ಯಾಟರಿ ಅಂಗಡಿ ಇದ್ದಲ್ಲಿ ಸೀಸ. ಪೆಟ್ರೋಲ್ ಬಂಕಿನದ್ದು ಇನ್ನೂ ಬಿಗಿ: ನೆಲದಡಿಯ ಟ್ಯಾಂಕು ಸೋರಿದ್ದರೆ ಬೆಂಜೀನ್ ಅಂತರ್ಜಲಕ್ಕೆ ಸೇರಿರುತ್ತದೆ. ಮುರಕಲ್ಲಿನ ನೆಲ ಸೋಸುವ ಜರಡಿಯಲ್ಲ, ಸೂಸುವ ಜರಡಿ. ಒಂದು ಜಾಗದ ಸೋರಿಕೆ ಪಕ್ಕದವರ ಬಾವಿಯಲ್ಲಿ ವಾಸನೆಯಾಗಿ ಎದ್ದ ಮೇಲೆ ಯಾರದ್ದು ತಪ್ಪು ಎಂದು ಜಗಳವಾಡಿ ಪ್ರಯೋಜನವಿಲ್ಲ. ಹೆದ್ದಾರಿ ಅಗಲೀಕರಣದಲ್ಲಿ ಎತ್ತಿಹೋದ ಬಂಕುಗಳ ಜಾಗಕ್ಕೆ ಈಗ ಬೆಲೆ ಕಟ್ಟುತ್ತಿರುವವರು, ಟ್ಯಾಂಕು ತೆಗೆದ ದಾಖಲೆ ಮತ್ತು ತೆಗೆದಾಗಿನ ಮಣ್ಣಿನ ವರದಿ ಎರಡನ್ನೂ ಕೇಳಲಿ.

ಆಸ್ಬೆಸ್ಟಾಸ್ ಶೀಟಿನ ಮಾಡಿದ್ದರೆ ಒಡೆದು ಉರುಳಿಸದೆ ನೀರು ಹಾಕಿ ನೆನೆಸಿ, ಇಡಿಯಾಗಿ ಬಿಚ್ಚಿ ಇಳಿಸಬೇಕು. ಇದನ್ನು ಹೇಳಿದರೆ ಗುತ್ತಿಗೆದಾರರು ನಗುತ್ತಾರೆ. ನಗಲಿ.

ದೊಡ್ಡ ಕಾರ್ಖಾನೆಯ ಜಾಗವಾದರೆ ಭೂಸುಧಾರಣೆ ಕಾಯ್ದೆಯ 81ನೆಯ ವಿಧಿಯನ್ನೂ ವಕೀಲರ ಹತ್ತಿರ ಓದಿಸಿ. ವಾಣಿಜ್ಯ ನಿವೇಶನ, ತೋಟ ಎಂದು, ಒಬ್ಬರು ಇಟ್ಟುಕೊಳ್ಳಬಹುದಾದ ಭೂಮಿಯ ಮಿತಿಯಿಂದ ವಿನಾಯಿತಿ ಪಡೆದ ಭೂಮಿ ಬಳಕೆ ಬದಲಾದ ಕೂಡಲೇ ವಿನಾಯಿತಿ ಕಳೆದುಕೊಳ್ಳಬಹುದು. ತುಂಡು ಮಾಡಿ ಮಾರಿದ ಮೇಲೆ ನೋಟೀಸು ಬರುವುದು ಕೊಂಡವರ ಮನೆಗೆ.

ಕಲ್ಲುಕೋರೆ: ಎಲ್ಲರೂ ತೋರಿಸುವ, ನಾನು ಹಿಂಜರಿಯುವ ಜಾಗ

ನಮ್ಮ ಜಿಲ್ಲೆಯಲ್ಲಿ ಬಳಸಿ ಬಿಟ್ಟ ನೆಲ ಅಂದರೆ ಮೊದಲು ಕಣ್ಣಿಗೆ ಬೀಳುವುದು ಮುರಕಲ್ಲಿನ ಕೋರೆ. ಯಂತ್ರದಲ್ಲಿ ಕೊಯ್ದ ಕೋರೆಯ ತಳ ಅಂಗಳದಂತೆ ಚಪ್ಪಟೆ, ಮೂರು ಕಡೆ ಗೋಡೆ, ಲಾರಿ ಹೋಗುವ ದಾರಿ ಮೊದಲೇ ಇದೆ. ಬೆಲೆಯೂ ಕಡಿಮೆ. ಬಡವರ ಮನೆಗೆ ಇದೇ ಸರಿ ಎಂದು ಹೇಳುವವರು ಹೆಚ್ಚು. ಹೇಳುವವರ್‍ಯಾರೂ ಅಲ್ಲಿ ಮನೆ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ಮೊದಲು ತಳ ನೋಡಿ. ಮುರಕಲ್ಲಿನ ಗಟ್ಟಿ ಪದರ ಒಂದು ಆಳದಲ್ಲಿ ಮುಗಿದು ಕೆಳಗೆ ಮೆತ್ತನೆಯ ಶೇಡಿ ಮಣ್ಣು ಶುರುವಾಗುತ್ತದೆ. ಕೋರೆಯವರು ಆ ಮಣ್ಣು ಸಿಗುವ ತನಕ ಕೊಯ್ದು ಎದ್ದಿದ್ದರೆ ಮನೆಗೆ ಉಳಿದದ್ದು ಆ ಮಣ್ಣೇ. ನೀರು ಕಂಡರೆ ಅದು ಕೆನೆಯಂತೆ ಜಾರುತ್ತದೆ. ಶೇಡಿ ಮಣ್ಣಿನ ಪದರದಲ್ಲಿ ನೀರು ಒಳಗೊಳಗೇ ಕೊಳವೆ ಕೊರೆದು ಹರಿಯುವ ಮಣ್ಣಿನ ಕೊಳವೆ ಸವೆತವನ್ನು ಕಾಸರಗೋಡು ಜಿಲ್ಲೆಯಲ್ಲೂ ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಮೇಲೆ ಏನೂ ಕಾಣದೆ ಒಂದು ಮಳೆಗಾಲ ನೆಲ ಕುಳಿ ಬೀಳುತ್ತದೆ. ಕಲ್ಲಿನ ಪದರ ಸಾಕಷ್ಟು ದಪ್ಪ ಉಳಿದಿದ್ದರೆ ಮಾತ್ರ ಮುಂದಿನ ಪ್ರಶ್ನೆಗೆ ಹೋಗಿ. ಅದನ್ನು ತಿಳಿಯಲು ನಾಲ್ಕೈದು ಕಡೆ ಕೊರೆದು ನೋಡುವುದಕ್ಕಿಂತ ಸುಲಭದ ದಾರಿಯಿಲ್ಲ.

ಎರಡನೆಯದು, ನೀರು. ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಕೋರೆಗೆ ಹೊರಹರಿವು ಇಲ್ಲದಿದ್ದರೆ ಅದು ಕೆರೆ. ಹೊರಹರಿವು ಕಡಿದುಕೊಟ್ಟರೆ ಕೆಳಗಿನ ತೋಟಕ್ಕೆ ನೆರೆ. ಇನ್ನು ಮನೆಗಳ ಗುಂಡಿ ನೀರು: ಮೇಲಿನ ಮಣ್ಣೂ ಇಲ್ಲ, ಕಲ್ಲಿನ ಪದರವೂ ಅರ್ಧ ಹೋಗಿದೆ, ಹೀಗಿರುವಾಗ 7.5 ಮೀಟರಿನ ನಿಯಮ ಪಾಲಿಸಿದರೂ ಕೊಳಕು ನೀರು ಕೆಳಗಿನ ಸುರಂಗಕ್ಕೆ ಬಹಳ ಬೇಗ ಮುಟ್ಟುತ್ತದೆ. ಸುರಂಗದ ನೀರನ್ನೇ ಕುಡಿಯುವ ಮನೆಗಳು ಕೆಳಗಿದ್ದರೆ ಮೇಲಿನ ಕೋರೆಯಲ್ಲಿ ವಸತಿ ಬೇಡ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮೂರನೆಯದು, ಮುಚ್ಚಿದ ಕೋರೆ. ಹಳೆಯ ಕೋರೆಗೆ ಊರಿನ ಕಸ, ಕಟ್ಟಡ ಕೆಡವಿದ ಮಣ್ಣು, ಕೋಳಿ ಅಂಗಡಿಯ ತ್ಯಾಜ್ಯ ಎಲ್ಲ ಬಂದು ಬೀಳುತ್ತವೆ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅಂದಂತೆ, ಒಬ್ಬ ಸುರಿದರೆ ಎಲ್ಲರೂ ಸುರಿಯುತ್ತಾರೆ. ಮೇಲೆ ಎರಡಡಿ ಕೆಂಪು ಮಣ್ಣು ಹರಡಿದರೆ ಸಪಾಟಾದ ನಿವೇಶನ. ಹೀಗೆ ತುಂಬಿಸಿದ್ದು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಒಂದು ಮೂಲೆ ಹೆಚ್ಚು, ಇನ್ನೊಂದು ಕಡಿಮೆ. ರಾಜ್ಯದ ವಸತಿ ಯೋಜನೆಯಾದ ಲೈಫ್ ಮಿಷನಿನಲ್ಲಿ ಸಿಗುವ 4 ಲಕ್ಷ ರೂಪಾಯಿಯಲ್ಲಿ ಮನೆ ಮುಗಿಸಬೇಕಾದವರು ಅದರ ದೊಡ್ಡ ಪಾಲನ್ನು ಅಡಿಪಾಯಕ್ಕೇ ಹಾಕುವ ಪರಿಸ್ಥಿತಿ ಬರುತ್ತದೆ. ಜಾಗ ಪುಕ್ಕಟೆ ಸಿಕ್ಕರೂ ಆಗ ಅದು ದುಬಾರಿ.

ಹಾಗಾದರೆ ಕೋರೆ ಯಾವುದಕ್ಕೆ? ಗುಡ್ಡೆಯ ತಲೆಯ ಮೇಲಿನ ಕೋರೆಯನ್ನು ಮಳೆನೀರು ಹಿಡಿಯಲು ಬಿಡಿ; ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ ಮತ್ತೆ ಮತ್ತೆ ಒತ್ತಡದ ಪಟ್ಟಿಗೆ ಬರುವಾಗ ಅದಕ್ಕಿಂತ ದೊಡ್ಡ ಉಪಯೋಗ ಬೇರೆ ಇಲ್ಲ. ಹರಿವಿನ ದಾರಿಯಿಂದ ಪಕ್ಕಕ್ಕೆ ಇರುವ, ಆಳ ಕಡಿಮೆಯಿರುವ, ತಳದಲ್ಲಿ ಕಲ್ಲು ಉಳಿದಿರುವ, ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಕೋರೆ ಇದ್ದರೆ ಮನೆಗೆ ಯೋಚಿಸಬಹುದು. ನೆಟ್ಟಗೆ ನಿಂತ ಅಂಚಿನ ಕೆಳಗೂ ಬೇಡ, ಮೇಲೂ ಬೇಡ.

ಆರಿಸಲೇಬಾರದ ಎರಡು

ಕಸದ ಗುಡ್ಡೆ ಮೊದಲನೆಯದು. ಕಾಸರಗೋಡು ನಗರಸಭೆಯ ಕೇಳುಗುಡ್ಡೆ, ಕಾಞಂಗಾಡಿನ ಚೆಮ್ಮಟ್ಟಂವಯಲ್ ಹೆಸರುಗಳು ಓದುಗರಿಗೆ ಗೊತ್ತು. ಹಳೆ ಕಸವನ್ನು ಅಗೆದು ಬೇರ್ಪಡಿಸಿ ಜಾಗ ಬಿಡಿಸಿಕೊಳ್ಳುವ ಬಯೋಮೈನಿಂಗ್ ಈಗ ರೂಢಿಗೆ ಬಂದಿದೆ. ಜಾಗ ಖಾಲಿಯಾದ ಕೂಡಲೇ ವಸತಿ ಸಮುಚ್ಚಯ ಎಂಬ ಮಾತೂ ಹಿಂದೆಯೇ ಬರುತ್ತದೆ. ಮುಚ್ಚಿದ ಕಸದ ಭರ್ತಿ ಜಾಗದ ವಿಷಯದಲ್ಲಿ 2016ರ ಘನತ್ಯಾಜ್ಯ ನಿಯಮ ಹೇಳಿದ್ದು, 15 ವರ್ಷ ನಿಗಾ ಇಟ್ಟು, ಅನಿಲ, ಕೊಳೆನೀರು, ಮಣ್ಣಿನ ಬಿಗಿ ಮೂರೂ ಸರಿಯೆಂದು ಕಂಡ ಮೇಲೆ ಮಾತ್ರ ಮನುಷ್ಯವಾಸದ ಯೋಚನೆ. ಅಗೆದು ತೆಗೆದ ಜಾಗಕ್ಕೆ ಅಷ್ಟು ಕಾಲ ಬೇಕಾಗದಿರಬಹುದು, ಆದರೂ ಮನೆಮನೆಯಿಂದ ಕಸ ಸಂಗ್ರಹಿಸುವ ಹಸಿರುಕರ್ಮ ಸೇನೆಯ ಗೋದಾಮು, ವಾಹನ ನಿಲ್ದಾಣ, ಆಟದ ಬಯಲು ಇಂಥದ್ದಕ್ಕೆ ಅದನ್ನು ಇಟ್ಟುಕೊಳ್ಳುವುದು ಜಾಣತನ.

ಎರಡನೆಯದು ಎಂಡೋಸಲ್ಫಾನ್ ಕೀಟನಾಶಕ ಇಟ್ಟಿದ್ದ, ಬೆರೆಸಿದ್ದ ಜಾಗ. 1970ರ ದಶಕದ ಕೊನೆಯಿಂದ 2000ದ ತನಕ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷದ ಕಥೆ ನಮಗೆ ಹೊಸತಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತುಗಳು ಇನ್ನೂ ಅದರಿಂದ ಹೊರಬಂದಿಲ್ಲ. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ತೋಟದ ಮೇಲೆಲ್ಲ ತೆಳುವಾಗಿ ಬಿದ್ದದ್ದು ಬೇರೆ, ಡ್ರಮ್ಮು ಇಟ್ಟ ಗೋದಾಮು, ಮದ್ದು ಕಲಸಿದ ತೊಟ್ಟಿ, ಹೆಲಿಕಾಪ್ಟರಿಗೆ ತುಂಬಿಸಿದ ಬಯಲು ಬೇರೆ. ಎರಡನೆಯ ಬಗೆಯಲ್ಲಿ ಒಂದೇ ಕಡೆ ದಟ್ಟವಾಗಿ ಇಳಿದಿರುತ್ತದೆ. ಎಂಡೋಸಲ್ಫಾನ್ ಮಣ್ಣಿನಲ್ಲಿ ಕರಗಿ ಎಂಡೋಸಲ್ಫಾನ್ ಸಲ್ಫೇಟ್ ಆದ ಮೇಲೂ ವಿಷವೇ, ಉಳಿಯುವ ಕಾಲವೂ ಹೆಚ್ಚು. ಮಿಂಚಿನಪದವಿನ ತೋಟದ ಬಾವಿಯಲ್ಲಿ ಅದನ್ನು ಹೂತಿದ್ದಾರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ. ಮಣ್ಣು ಪರೀಕ್ಷಿಸುವಾಗ ತೋಟದ ನಡುವಿನ ಒಂದು ಬೊಗಸೆ ಮಣ್ಣು ತಂದು ವಿಷವಿಲ್ಲ ಎಂದು ಬರೆಸಿಕೊಂಡರೆ ಏನೂ ತಿಳಿದಂತಾಗುವುದಿಲ್ಲ. ಗೋದಾಮಿನ ಬಾಗಿಲಿನಿಂದ, ಚರಂಡಿಯ ಕೊನೆಯಿಂದ, ಹಳೆ ಬಾವಿಯ ತಳದಿಂದ ತರಬೇಕು.

ಎರಡು ಜಾಗ ಮುಂದಿದ್ದಾಗ

ಪಂಚಾಯತಿನ ಮೇಜಿನ ಮೇಲೆ ಸಾಮಾನ್ಯವಾಗಿ ಬರುವ ಜೋಡಿ ಇದು: ಪೇಟೆಯಿಂದ ದೂರದ ಕೋರೆಯಲ್ಲಿ ಒಂದೆಕರೆ ಅಗ್ಗಕ್ಕೆ, ಅಥವಾ ಪೇಟೆಯ ಬದಿಯ ಹಳೆ ಶೆಡ್ಡಿನ 30 ಸೆಂಟ್ಸ್ ದುಬಾರಿಗೆ. ಎಕರೆಯಲ್ಲಿ ಬಿಡಿಬಿಡಿ ಮನೆ ಹೆಚ್ಚು ಹಿಡಿಸುತ್ತವೆ, ಲೆಕ್ಕ ತೋರಿಸಲು ಚೆಂದ. ಆದರೆ ಕೋರೆಯ ಬೆಲೆಗೆ ರಸ್ತೆ, ಕೊಳವೆ ನೀರು, ಅಂಚಿಗೆ ತಡೆಗೋಡೆ, ಆಳದ ಅಡಿಪಾಯ ಸೇರಿಸಿ. ಶೆಡ್ಡಿನ ಬೆಲೆಗೆ ಮಣ್ಣು ಪರೀಕ್ಷೆ, ಕೆಡವುವ ಖರ್ಚು, ಎರಡು ಮಹಡಿ ಕಟ್ಟುವ ಖರ್ಚು ಸೇರಿಸಿ. ಆಮೇಲೆ ಬೀಡಿ ಕಟ್ಟುವ ಅಕ್ಕ, ಮೀನು ಮಾರುವ ಅಮ್ಮ, ಬಂದರಿಗೆ ಹೋಗುವ ಅಣ್ಣ ದಿನಕ್ಕೆ ಬಸ್ಸಿಗೆ, ರಿಕ್ಷಾಕ್ಕೆ ಎಷ್ಟು ಹಾಕಬೇಕು ಎಂದು ಹತ್ತು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. ನಾನಾದರೆ ಶೆಡ್ಡನ್ನೇ ಆರಿಸುತ್ತೇನೆ, ಮಣ್ಣಿನ ವರದಿ ಸರಿಯಿದ್ದರೆ. ಸರಿಯಿಲ್ಲದಿದ್ದರೆ ಲಕ್ಷಂವೀಡು ಕಾಲೊನಿ ಮತ್ತೆ ಕಟ್ಟುವುದು, ಅದೂ ಆಗದಿದ್ದರೆ ಡಾಟಾ ಬ್ಯಾಂಕಿನಿಂದ ನ್ಯಾಯವಾಗಿ ಹೊರಬಂದ ಬೆಟ್ಟು ಗದ್ದೆ. ಕೋರೆಗೆ ನನ್ನ ಪಟ್ಟಿಯಲ್ಲಿ ಜಾಗ ಅದರ ನಂತರ.

ಮಣ್ಣು ಕೆಟ್ಟಿದೆಯೆಂದು ಅನುಮಾನವಿದ್ದರೆ ಪಂಚಾಯತಿಗೆ ಈಗ ಒಂದು ಹೊಸ ಹಿಡಿಕೆ ಸಿಕ್ಕಿದೆ. 2025ರ ಜುಲೈಯಲ್ಲಿ ಬಂದ ಕಲುಷಿತ ಜಾಗಗಳ ನಿರ್ವಹಣಾ ನಿಯಮದಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಮಂಡಳಿ 90 ದಿನದೊಳಗೆ ಮೊದಲ ಹಂತದ ಪರಿಶೀಲನೆ ಮಾಡಬೇಕು. ಗಣಿಗಾರಿಕೆಯೂ ಕಸದ ಗುಡ್ಡೆಯೂ ಈ ನಿಯಮದ ಹೊರಗೆ. ಅಂದರೆ ಗೋದಾಮು, ಬಂಕು, ಮಿಲ್ಲಿಗೆ ಇದು ಉಪಯೋಗ; ಕೋರೆಗೆ ಗಣಿ ಇಲಾಖೆಯ ಬೆನ್ನು ಹತ್ತಬೇಕು.

ಬಾವಿಯ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದು ಒಂದು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಜಾಗದ ಬಾವಿಯನ್ನಷ್ಟೇ ಅಲ್ಲ, ಇಳಿಜಾರಿನ ಕೆಳಗಿನ ಮೊದಲ ಎರಡು ಬಾವಿಗಳನ್ನೂ. ಹಳೆ ಕಸುಬಿನ ಲೈಸೆನ್ಸ್ ಪಂಚಾಯತಿನ ಕಡತದಲ್ಲೇ ಸಿಗುತ್ತದೆ. ಗ್ರಾಮ ಕಚೇರಿಯಲ್ಲಿ ಮೂಲ ತೆರಿಗೆ ಪುಸ್ತಕ ನೋಡಿ ನಂಜ (ಗದ್ದೆ), ಪುಂಜ (ಒಣ ನೆಲ), ಬಾಗಾಯ್ತು (ತೋಟ) ಯಾವುದೆಂದು ಬರೆದಿದ್ದಾರೆ ಎಂದು ಕೇಳಿ; ಮಿಲ್ಲು ಎದ್ದ ಜಾಗವೂ ಕಾಗದದಲ್ಲಿ ಇನ್ನೂ ಗದ್ದೆಯಾಗಿಯೇ ಇದ್ದರೆ ಸ್ವರೂಪ ಬದಲಾವಣೆಯ ಅರ್ಜಿ ಹಾಕದೆ ಕಟ್ಟಡ ಪರವಾನಗಿ ಸಿಗದು. 1967ಕ್ಕೆ ಮೊದಲೇ ತುಂಬಿಸಿದ್ದೆಂದು ತೋರಿಸಬಲ್ಲಿರಾದರೆ ಫಾರ್ಮ್ 9 ಬೇರೆಯೇ ಇದೆ.

ಮಾಸ್ಟರ್ ಪ್ಲಾನಿನ ಕರಡು ಬಂದಾಗ ಆಕ್ಷೇಪ ಸಲ್ಲಿಸುವ ಅವಕಾಶವನ್ನು 2016ರ ಕೇರಳ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ ಕೊಟ್ಟಿದೆ. ಯಾವ ಹಳೆ ಜಾಗಕ್ಕೆ ವಸತಿ ಬಣ್ಣ ಹಚ್ಚಿದ್ದಾರೆ, ಯಾವ ಪದವಿಗೆ ಕೈಗಾರಿಕೆ ಬಣ್ಣ ಬಂದಿದೆ ಎಂದು ನಕ್ಷೆಯಲ್ಲಿ ಹುಡುಕಿ ಸರ್ವೆ ನಂಬ್ರ ಹಾಕಿ ಬರೆಯಿರಿ. ಮಲಯಾಳದಲ್ಲೇ ಬರೆಯಬೇಕೆಂದೇನೂ ಇಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿಯ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.